ಮಾವನ ಹಳೇ ಸಿಗಾರ್‌ನಲ್ಲಿ ಸಿಕ್ಕ ರುಚಿ ನಿಜವಾ, ನನ್ನ ಭ್ರಮೆಯಾ?

ತಗಡಿನ ಟ್ರಂಕು

ಎಲ್ಲರಿಗೂ ನಮಸ್ಕಾರ. ಬರೆದಿದ್ದು ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಒಂಬತ್ತು ತಿಂಗಳಿಂದ ನನಗೆ ಕೆಲಸ ಇಲ್ಲ. ಹದಿನಾಲ್ಕು ವರ್ಷ ಒಂದೇ ಕಡೆ ಲೆಕ್ಕ ಬರೆದುಕೊಂಡಿದ್ದವನು. ಒಂದು ಸೋಮವಾರ ಬೆಳಿಗ್ಗೆ ಕರೆದು, ನಿಮ್ಮ ವಿಭಾಗ ಮುಚ್ಚುತ್ತಿದ್ದೇವೆ ಅಂದರು. ಅದಾಗಿ ಎರಡು ತಿಂಗಳಿಗೆ ಸೋದರಮಾವ ತೀರಿಕೊಂಡರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಮನುಷ್ಯ. ಸರಕು ಹಡಗಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರು. ಮದುವೆ ಆಗಲಿಲ್ಲ. ಅವರ ತಗಡಿನ ಟ್ರಂಕು ನಮ್ಮ ಮನೆಗೆ ಬಂತು.

ಅದರಲ್ಲಿ ಎರಡು ಉಣ್ಣೆ ಕೋಟು, ಸ್ಪ್ಯಾನರ್‌ಗಳು, ಹಡಗಿನ ಕಾಗದಪತ್ರ, ಕನ್ನಡಕ, ಮಾತ್ರೆ ಎಲ್ಲ ತುರುಕಿದ್ದ ಒಂದು ಬಟ್ಟೆ ಚೀಲ. ತಳದಲ್ಲಿ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದು ಮರದ ಪೆಟ್ಟಿಗೆ. 25 ಸಿಗಾರ್ ಹಿಡಿಯುವ ಪೆಟ್ಟಿಗೆ, ಉಳಿದಿದ್ದು ಮೂರೇ. ಐದು ಇಂಚಿಗಿಂತ ಕೂದಲೆಳೆಯಷ್ಟು ಉದ್ದ, ನನ್ನ ತೋರುಬೆರಳಿನಷ್ಟು ದಪ್ಪ. ಪೆಟ್ಟಿಗೆಯ ಅಡಿಯಲ್ಲಿ 'ಎಚೋ ಎನ್ ಕೂಬಾ' ಅಂತ ಸುಟ್ಟು ಒತ್ತಿದ್ದಾರೆ. ಅದರ ಜೊತೆಗೆ 'ತೊತಾಲ್ಮೆಂತೆ ಅ ಮಾನೋ' ಅಂತಲೂ ಇದೆ. ಪಕ್ಕದಲ್ಲಿ ಕೂಬಾತಬಾಕೋ ಗುರುತು.

ಮೂರೂ ಒಣಗಿದ್ದವು. ಬೆರಳಲ್ಲಿ ಒತ್ತಿದರೆ ಸಣ್ಣಗೆ ಚರ್ ಅನ್ನುತ್ತಿತ್ತು. ಓದಿ ತಿಳಿದುಕೊಂಡು, ಗಾಳಿಯಾಡದ ಡಬ್ಬಿಯಲ್ಲಿ 62ರ ತೇವದ ಪೊಟ್ಟಣ (ಒಳಗಿನ ಗಾಳಿಯ ತೇವವನ್ನು ಶೇಕಡಾ 62ರಲ್ಲೇ ಹಿಡಿದಿಡುವಂಥದ್ದು) ಇಟ್ಟು ಆರು ವಾರ ಬಿಟ್ಟೆ. ಆಮೇಲೆ ಒತ್ತಿದರೆ ಸ್ವಲ್ಪ ಬಗ್ಗಿ ವಾಪಸ್ ಬರುತ್ತಿತ್ತು. ಅವತ್ತು ಮಾವ ಹೋಗಿ ಆರು ತಿಂಗಳು ತುಂಬಿತ್ತು. ಸಂಜೆ ಒಬ್ಬನೇ ತಾರಸಿ ಮೇಲೆ ಕೂತು ಒಂದನ್ನು ಹೊತ್ತಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕೆಲಸ ಹೋದ ಮೇಲೆ ನನಗೆ ಯಾವುದರಲ್ಲೂ ರುಚಿ ಇಲ್ಲ. ಊಟ ಅಂದರೆ ಗಂಟಲಿಗೆ ಇಳಿಸುವ ಕೆಲಸ ಅಷ್ಟೇ. ಹೆಂಡತಿ ಕೇಳಿದಾಗ ಚೆನ್ನಾಗಿದೆ ಅಂತ ಸುಮ್ನೆ ಹೇಳುತ್ತಿದ್ದೆ. ಈ ಸಿಗಾರ್ ಕೂಡ ಮೊದಲ ಹತ್ತು ನಿಮಿಷ ಬಿಸಿ ಕಾಗದದ ಹಾಗೇ ಇತ್ತು. ಆಮೇಲೆ ಒಂದೊಂದೇ ಶುರುವಾಯಿತು. ಮೊದಲು ಹಳೇ ಪುಸ್ತಕ ತೆರೆದಾಗ ಬರುವ ವಾಸನೆ. ಅದರ ಹಿಂದೆಯೇ ಒಣಗಿದ ಗುಲಾಬಿ ದಳ, ಸೋಪಿನ ಹತ್ತಿರಕ್ಕೆ ಹೋಗುವಂಥದ್ದು. ತುಟಿ ಮೇಲೆ ಉಪ್ಪು. ಅರ್ಧಕ್ಕೆ ಬಂದಾಗ ಮೂಗಿನ ಹಿಂದೆ ಏನೋ ತಣ್ಣಗೆ ಆಯಿತು. ಕರ್ಪೂರ ಮೂಸಿದ ಹಾಗೆ. ಆ ತಣ್ಣನೆಯದು ಬಂದ ಕೂಡಲೇ ಮಾವ ಪಕ್ಕದಲ್ಲಿ ಕೂತಿದ್ದಾರೆ ಅನ್ನಿಸಿಬಿಟ್ಟಿತು. ಯಾಕೆ ಅಂತ ಗೊತ್ತಾಗಲಿಲ್ಲ. ಮೈ ಜುಂ ಅಂತು. ಕೊನೆಯ ಭಾಗ ಬಿಸಿಯಾಗಿ ಕಹಿಯಾಯಿತು, ಹಾಗೇ ಆರಲು ಬಿಟ್ಟೆ.

ನಾನು ಹಿಂದೆ ಹತ್ತು ಹನ್ನೆರಡು ಸಿಗಾರ್ ಸೇದಿರಬಹುದು. ಮರ, ಮಣ್ಣು, ಕಾಫಿ, ಮೆಣಸು ಇಂಥದ್ದು ಗೊತ್ತು. ಗುಲಾಬಿ, ಕರ್ಪೂರ ಯಾವತ್ತೂ ಸಿಕ್ಕಿಲ್ಲ. ಇದು ಎಲೆಯಲ್ಲಿ ಇದ್ದದ್ದಾ, ಪೆಟ್ಟಿಗೆ ಕೆಟ್ಟಿದೆಯಾ, ಇಲ್ಲಾ ನನ್ನ ಮನಸ್ಸೇ ಕಟ್ಟಿಕೊಂಡಿದ್ದಾ? ನನಗೆ ಇದು ನಿಜಕ್ಕೂ ಗೊತ್ತಾಗಬೇಕು. ಎಷ್ಟೋ ತಿಂಗಳ ಮೇಲೆ ನಾಲಿಗೆಗೆ ಸಿಕ್ಕಿದ ಮೊದಲ ರುಚಿ ಅದು. ಇನ್ನು ಎರಡು ಉಳಿದಿವೆ.

ಎಲೆ ಸುರುಳಿ

ಮಾವನ ವಿಷಯ ಓದಿ ಬೇಜಾರಾಯಿತು ಸರ್. ನಾನು ಇಪ್ಪತ್ತು ವರ್ಷದಿಂದ ಹಳೇ ಪೆಟ್ಟಿಗೆಗಳ ಹಿಂದೆ ಬಿದ್ದವನು, ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ವಯಸ್ಸು. 'ಎಚೋ ಎನ್ ಕೂಬಾ' ಅಂದರೆ ಕ್ಯೂಬಾದಲ್ಲಿ ಮಾಡಿದ್ದು. ಇದು 1960ರ ದಶಕದ ಶುರುವಿನಿಂದ ಇದೆ. 'ತೊತಾಲ್ಮೆಂತೆ ಅ ಮಾನೋ' ಅಂದರೆ ಪೂರ್ತಿ ಕೈಯಿಂದ ಮಾಡಿದ್ದು. ಅದನ್ನು ಸೇರಿಸಿದ್ದು 1989ರಲ್ಲಿ. ಕೂಬಾತಬಾಕೋ ಅಂದರೆ ಅಲ್ಲಿನ ಸರ್ಕಾರಿ ತಂಬಾಕು ಕಂಪನಿ. ಅದರ ಗುರುತು ಹೋಗಿ, ಸಿಗಾರ್ ಮಾರುವ ಹಬಾನೋಸ್ ಕಂಪನಿಯ ಗುರುತು ಬಂದಿದ್ದು 1994ರಲ್ಲಿ. ನಿಮ್ಮ ಪೆಟ್ಟಿಗೆ ಅಸಲಿಯಾಗಿದ್ದರೆ ಈ ಎರಡರ ನಡುವಿನದು. ಮಾವ ಆಗ ಹಡಗಿನಲ್ಲಿ ಇದ್ದರಾ ನೋಡಿ, ಹಡಗಿನ ಕಾಗದಪತ್ರದಲ್ಲಿ ಸಿಗಬಹುದು. ನೀವು ಹೇಳಿದ ಅಳತೆಯನ್ನು ಪೆಟಿಟ್ ಕೊರೊನಾ ಅನ್ನುತ್ತಾರೆ. 129 ಮಿಲಿಮೀಟರ್ ಉದ್ದ, ದಪ್ಪ 42. ಆ 42 ಅಂದರೆ ಒಂದು ಇಂಚನ್ನು 64 ಭಾಗ ಮಾಡಿ ಅದರಲ್ಲಿ 42.

ಈಗ ರುಚಿ. ಹೊಗೆಸೊಪ್ಪನ್ನು ಒಣಗಿಸಿ ರಾಶಿ ಹಾಕಿ ಹುದುಗಲು ಬಿಡುತ್ತಾರೆ. ರಾಶಿ ಒಳಗೇ ಬಿಸಿಯಾಗುತ್ತೆ, ಅಮೋನಿಯಾ ಹೊರಗೆ ಹೋಗುತ್ತೆ. ಸುರುಳಿ ಸುತ್ತಿದ ಮೇಲೂ ಆ ಕೆಲಸ ಪೂರ್ತಿ ನಿಲ್ಲಲ್ಲ, ಬಹಳ ನಿಧಾನವಾಗಿ ನಡೆಯುತ್ತಲೇ ಇರುತ್ತೆ. ವರ್ಷ ಕಳೆದ ಹಾಗೆ ಘಾಟು ಇಳಿಯುತ್ತೆ, ಬಾಯಿ ಒಗರು ಮಾಡುವ ಗುಣ ಕಮ್ಮಿ ಆಗುತ್ತೆ. ಮೇಲಿನ ಗದ್ದಲ ಇಳಿದ ಮೇಲೆ ಕೆಳಗಿದ್ದ ಸಣ್ಣ ಸಣ್ಣ ವಾಸನೆಗಳು ಕೇಳಿಸುತ್ತವೆ.

ಗುಲಾಬಿ ನಿಮ್ಮ ಭ್ರಮೆ ಅಲ್ಲ ಅಂತ ನನಗೆ ಅನ್ನಿಸುತ್ತೆ. ಎಲೆಯಲ್ಲಿ ಹಳದಿ ಬಣ್ಣದ ಕ್ಯಾರೋಟಿನಾಯ್ಡ್ ಇರುತ್ತೆ. ಗಜ್ಜರಿಗೆ ಬಣ್ಣ ಕೊಡುವುದೂ ಅದೇ ಜಾತಿಯದು. ಅದು ಒಡೆದಾಗ ಡಮಾಸ್ಕಿನೋನ್, ಅಯೋನೋನ್ ಅನ್ನುವ ವಾಸನೆಯ ವಸ್ತುಗಳು ಹುಟ್ಟುತ್ತವೆ. ಗುಲಾಬಿ ಎಣ್ಣೆಯಲ್ಲೂ ಡಮಾಸ್ಕಿನೋನ್ ಇದೆ. ಹಾಗಾಗಿ ಹಳೇ ಸಿಗಾರ್‌ನಲ್ಲಿ ಹೂವಿನ ವಾಸನೆ ಬಂದರೆ ಅದಕ್ಕೆ ಕಾರಣ ಇದೆ. ನನಗೆ ಇದುವರೆಗೆ ಎರಡೇ ಸಲ ಸಿಕ್ಕಿದೆ. ಎರಡು ಸಲವೂ ನಡುಭಾಗದಲ್ಲಿ, ತೀರಾ ನಿಧಾನವಾಗಿ ಸೇದುವಾಗ.

ಹಳೇ ಪುಸ್ತಕವೂ ಹಾಗೇ. ಕಾಗದ ಮರದಿಂದ ಬಂದದ್ದು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತು ಅದರೊಳಗೆ ಇರುತ್ತೆ, ಅದು ಹಳತಾದಾಗ ವೆನಿಲ್ಲಾ ತರಹದ ಸಿಹಿ ವಾಸನೆ ಬಿಡುತ್ತೆ. ಎಲೆಯ ನರಗಳಲ್ಲೂ ಲಿಗ್ನಿನ್ ಇದೆ. ಮೇಲಾಗಿ ಅಷ್ಟು ವರ್ಷ ಸೀಡರ್ ಅನ್ನುವ ಪರಿಮಳದ ಮರದ ಪೆಟ್ಟಿಗೆಯಲ್ಲಿ ಮಲಗಿದ್ದ ಎಲೆ ಅದು.

ಕರ್ಪೂರದ ವಿಷಯ ಮಾತ್ರ ನನಗೆ ಸರಿ ಕಾಣುತ್ತಿಲ್ಲ. ಅಷ್ಟು ಸ್ಪಷ್ಟವಾದ ತಂಪು ಎಲೆಯಿಂದ ಬಂದದ್ದನ್ನು ನಾನು ನೋಡಿಲ್ಲ.

ಬಿಗಿ ಮುಚ್ಚಳ

ನಾನು ಅದನ್ನೇ ಕೇಳಬೇಕು ಅಂತಿದ್ದೆ. ಟ್ರಂಕಿನಲ್ಲಿ ನುಸಿಗುಳಿಗೆ ಇತ್ತಾ? ಉಣ್ಣೆ ಕೋಟು ಇದೆ ಅಂದಿರಿ, ಅದಕ್ಕೇ ಕೇಳಿದೆ. ಸಿಗಾರ್ ಪಕ್ಕದಲ್ಲಿ ಏನು ಇಟ್ಟರೂ ಅದರ ವಾಸನೆ ಕುಡಿದುಬಿಡುತ್ತೆ. ಸೋಪು, ಅತ್ತರು, ಬಣ್ಣ, ಯಾವುದೇ ಆಗಲಿ. ನನ್ನ ಒಂದು ಡಬ್ಬಿ ಪೂರ್ತಿ ಹೀಗೇ ಹೋಯಿತು. ಪಾಲಿಶ್ ಮಾಡಿದ ಹೊಸ ಕಪಾಟಿನಲ್ಲಿ ಇಟ್ಟಿದ್ದೆ. ಎರಡು ತಿಂಗಳಲ್ಲಿ ಎಲ್ಲ ಸಿಗಾರೂ ವಾರ್ನಿಶ್ ಆಗಿತ್ತು.

ನುಸಿಗುಳಿಗೆ ಇದ್ದಿದ್ದರೆ ಉಳಿದ ಎರಡನ್ನು ದಯವಿಟ್ಟು ಹೊತ್ತಿಸಬೇಡಿ. ಅದು ನ್ಯಾಫ್ತಲೀನ್, ವಿಷ. ಎಷ್ಟೇ ಪ್ರೀತಿಯ ವಸ್ತು ಆದರೂ ಬೇಡ.

ಬೂಷ್ಟು ಕೂಡ ನೋಡಿ. ಬಿಳಿ, ನೀಲಿ, ಹಸಿರು, ಯಾವುದಾದರೂ ನೂಲಿನ ಹಾಗೆ ಎದ್ದು ನಿಂತಿದ್ದರೆ ಬೂಷ್ಟು. ತುದಿಯಲ್ಲಿ ಎಲೆಗಳ ನಡುವೆ ಬಂದಿದ್ದರೆ ಒಳಗೂ ಇಳಿದಿದೆ ಅಂತ ಲೆಕ್ಕ. ಸೂಜಿ ಚುಚ್ಚಿದಷ್ಟು ತೂತು ಇದ್ದರೆ ಹುಳ. ತಂಬಾಕಿನ ಹುಳದ ಮೊಟ್ಟೆ ಸೆಕೆ ಜಾಸ್ತಿ ಆದಾಗ ಒಡೆಯುತ್ತೆ. ಅದಕ್ಕೇ 18ರಿಂದ 21 ಡಿಗ್ರಿ ಒಳಗೆ ಇಡಿ ಅನ್ನುವುದು.

ಒಂದು ಪರೀಕ್ಷೆ ಹೇಳುತ್ತೇನೆ. ಹೊತ್ತಿಸುವುದೇ ಬೇಕಾಗಿಲ್ಲ. ಬೆಳಿಗ್ಗೆ ಎದ್ದು ಏನೂ ತಿನ್ನದೆ ಕುಡಿಯದೆ ಒಂದೊಂದನ್ನೇ ಮೂಸಿ. ಸಿಗಾರ್‌ನ ತುದಿ ಬೇರೆ, ಹೊರಗಿನ ಎಲೆ ಬೇರೆ, ಪೆಟ್ಟಿಗೆಯ ಮುಚ್ಚಳ ಬೇರೆ, ಕೋಟು ಬೇರೆ. ನಡುನಡುವೆ ನಿಮ್ಮದೇ ಮೊಣಕೈ ಮೂಸಿ, ಮೂಗಿಗೆ ಸ್ವಲ್ಪ ಬಿಡುವು ಸಿಗುತ್ತೆ. ಆಮೇಲೆ ಏನೂ ಹೇಳದೆ ಬೇರೆ ಯಾರಿಂದಾದರೂ ಕಣ್ಣು ಮುಚ್ಚಿಸಿ ಮೂಸಿಸಿ. 'ಗುಲಾಬಿ ಬರ್ತಿದೆಯಾ' ಅಂತ ಮಾತ್ರ ಕೇಳಬೇಡಿ. ಕೇಳಿದರೆ ಬಂದೇ ಬರುತ್ತೆ. ಏನು ಅನ್ನಿಸುತ್ತೋ ಅವರೇ ಹೇಳಲಿ.

ರಾತ್ರಿ ಪಾಳಿ

ಅಣ್ಣ, ನಾನು ಸಿಗಾರ್ ಸೇದಲ್ಲ. ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಯಜಮಾನರು ಓದುತ್ತಿದ್ದರು, ನಿಮ್ಮ ಬರಹ ತೋರಿಸಿದರು. ಎರಡು ಮಾತು ಬರೆಯದೆ ಇರಲು ಆಗಲಿಲ್ಲ.

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಆಮೇಲೆ ಅಣಬೆ, ಟೊಮೇಟೊದಲ್ಲಿ ಸಿಗುವ ಉಮಾಮಿ ಅನ್ನುವ ಐದನೆಯದು. ಅಷ್ಟೇ. ಗುಲಾಬಿ, ಪುಸ್ತಕ ಇದೆಲ್ಲ ಮೂಗಿನದು. ಬಾಯಲ್ಲಿರುವ ಹೊಗೆಯ ವಾಸನೆ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತೆ. ಮೂಗು ಹಿಡಿದುಕೊಂಡು ಒಂದು ಚೂರು ಬೆಲ್ಲ ಬಾಯಿಗೆ ಹಾಕಿ ನೋಡಿ, ಸಿಹಿ ಅಂತ ಗೊತ್ತಾಗುತ್ತೆ, ಬೆಲ್ಲ ಅಂತ ಗೊತ್ತಾಗಲ್ಲ. ಮೂಗು ಬಿಟ್ಟ ತಕ್ಷಣ ಬೆಲ್ಲ ಆಗುತ್ತೆ. ಉಪ್ಪು ಮಾತ್ರ ನಾಲಿಗೆಯದೇ. ಅದು ನಿಮ್ಮ ತುಟಿಯದೂ ಇರಬಹುದು, ಎಲೆಯದೂ ಇರಬಹುದು. ಎಲೆಯಲ್ಲಿ ಪೊಟ್ಯಾಸಿಯಂ ತರಹದ ಖನಿಜ ಚೆನ್ನಾಗಿಯೇ ಇರುತ್ತೆ.

ಮೂಗಿಗೂ ನೆನಪಿಗೂ ಮಿದುಳಿನಲ್ಲಿ ಬಹಳ ಹತ್ತಿರದ ನಂಟು. ವಾಸನೆಯ ಸುದ್ದಿ ಭಾವನೆ, ನೆನಪು ಇರುವ ಜಾಗಕ್ಕೆ ನೇರ ಹೋಗುತ್ತೆ. ಮೊದಲು ಎದೆ ತುಂಬಿ ಬರುತ್ತೆ, ಹೆಸರು ಆಮೇಲೆ ಹೊಳೆಯುತ್ತೆ. ನಿಮಗೆ ಆಗಿದ್ದು ಅದೇ ಅಲ್ವಾ? ಆ ತಣ್ಣನೆಯದು ನಿಮ್ಮ ಮಾವನಿಗೆ ಸಂಬಂಧಪಟ್ಟದ್ದೇ ಏನೋ ಇರಬೇಕು. ಮನಸ್ಸು ಸುಮ್ಮಸುಮ್ಮನೆ ಕಟ್ಟಿದ್ದು ಅಂತ ನನಗೆ ಅನ್ನಿಸಲ್ಲ. ಟ್ರಂಕನ್ನು ಇನ್ನೊಂದು ಸಲ ನೋಡಿ.

ಇನ್ನೊಂದು ಮಾತನ್ನು ಬೇಜಾರು ಮಾಡಿಕೊಳ್ಳದೆ ಕೇಳಿ. ಒಂಬತ್ತು ತಿಂಗಳು ಊಟಕ್ಕೆ ರುಚಿ ಇಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ. ದುಃಖ, ಚಿಂತೆ ಹೊತ್ತುಕೊಂಡವರಿಗೆ ಹೀಗೆ ಆಗುವುದು ನಾನು ದಿನಾ ನೋಡುತ್ತೇನೆ. ಮೂಗಿನ ತೊಂದರೆ, ಕೆಲವು ಮಾತ್ರೆಗಳಿಂದಲೂ ಆಗುತ್ತೆ. ಡಾಕ್ಟರ್ ಹತ್ತಿರ ಹೋಗಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಅವರ ಹತ್ತಿರ 'ಚೆನ್ನಾಗಿದೆ' ಅಂತ ಹೇಳಿಕೊಂಡೇ ಇರಬೇಡಿ. ಅವರಿಗೆ ಗೊತ್ತಾಗಿಯೇ ಇರುತ್ತೆ.

ಮತ್ತೆ, ಸಿಗಾರ್ ಹೊಗೆ ಒಳಗೆ ಎಳೆಯಲ್ಲ, ಹಾಗಾಗಿ ಪರವಾಗಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ತಪ್ಪು. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಹೋಗುತ್ತೆ. ಬಾಯಿ, ಗಂಟಲಿನ ಕ್ಯಾನ್ಸರ್ ಆದವರನ್ನು ನಾನು ನೋಡಿಕೊಂಡಿದ್ದೇನೆ. ಮಾವನ ನೆನಪಿಗೆ ಒಂದು ಸೇದಿದ್ದನ್ನು ನಾನು ಪ್ರಶ್ನೆ ಮಾಡಲ್ಲ. ಕಷ್ಟದ ಕಾಲದಲ್ಲಿ ಅದು ದಿನದ ಅಭ್ಯಾಸ ಆಗಿಬಿಡುತ್ತೆ, ಅದೇ ನನ್ನ ಭಯ.

ಎಲೆ ಸುರುಳಿ

ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಊಟ ಸರಿಯಾಗಿ ಮಾಡುತ್ತಿಲ್ಲ ಅಂದಿರಿ, ತಲೆ ಸುತ್ತಿ ಬೆವರು ಬಂದು ಬಿದ್ದುಬಿಡುತ್ತೀರಿ. ನನಗೆ ಆಗಿದೆ.

ಸಂಜೆ ಆರು

ನಾನೂ ಒಂದು ವರ್ಷ ಮನೆಯಲ್ಲಿ ಕೂತಿದ್ದವನು. ಆ ಕಾಲದಲ್ಲಿ ಅಪ್ಪನ ಗಡಿಯಾರ ಮಾರಿದೆ. ಬಂದ ದುಡ್ಡು ಎಲ್ಲಿ ಹೋಯಿತು ಅಂತ ಈಗ ನೆನಪೇ ಇಲ್ಲ, ಗಡಿಯಾರ ದಿನಾ ನೆನಪಾಗುತ್ತೆ. ನಿಮಗೂ ಯಾರಾದರೂ ಪೆಟ್ಟಿಗೆ ಮಾರು ಅನ್ನಬಹುದು. ತೆರೆದ ಪೆಟ್ಟಿಗೆ, ಒಣಗಿ ಮತ್ತೆ ನೆಂದ ಎರಡು ಸಿಗಾರ್, ಇದಕ್ಕೆ ಸಂಗ್ರಹ ಮಾಡುವವರು ಹೆಚ್ಚೇನೂ ಕೊಡಲ್ಲ. ಇಟ್ಟುಕೊಳ್ಳಿ.

ತಗಡಿನ ಟ್ರಂಕು

ಮೂರು ವಾರ ಆಯಿತು, ಈಗ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಂದೊಂದು ಉತ್ತರವನ್ನೂ ನಾಲ್ಕೈದು ಸಲ ಓದಿದೆ.

ಮೊದಲು ಕಾಗದಪತ್ರ. ಮಾವ ಅಟ್ಲಾಂಟಿಕ್ ಕಡೆಯ ಹಡಗಿನಲ್ಲಿ ಇದ್ದದ್ದು 1990ರಿಂದ 1992ರವರೆಗೆ. ನೀವು ಹೇಳಿದ ಲೆಕ್ಕದ ನಡುವೆಯೇ ಬರುತ್ತೆ. ಆಗ ನಾನು ಹುಟ್ಟಿ ಎರಡು ವರ್ಷ.

ನುಸಿಗುಳಿಗೆ ಇರಲಿಲ್ಲ. ಕೋಟಿನ ಜೇಬು, ಮಡಿಕೆ, ಟ್ರಂಕಿನ ಮೂಲೆ ಎಲ್ಲ ಹುಡುಕಿದೆ. ಬೂಷ್ಟೂ ಇಲ್ಲ, ತೂತೂ ಇಲ್ಲ.

ಮೂಸುವ ಪರೀಕ್ಷೆಯನ್ನು ನಾನೇ ಮಾಡಿದಾಗ ಏನೂ ತಿಳಿಯಲಿಲ್ಲ. ಎಲ್ಲವೂ ಒಂದೇ ತರಹ ಹಳೇ ವಾಸನೆ. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿ ಕಣ್ಣಿಗೆ ಟವೆಲ್ ಕಟ್ಟಿದೆ. ಯಾಕೆ ಏನು ಅಂತ ಹೇಳಲಿಲ್ಲ. ಪೆಟ್ಟಿಗೆಯ ಮುಚ್ಚಳ ಹಿಡಿದೆ. 'ಪೆನ್ಸಿಲ್ ಕೆತ್ತಿದ ಹಾಗಿದೆ' ಅಂದಳು. ಸಿಗಾರ್‌ನ ತುದಿ ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪುಸ್ತಕದ ಒಳಗೆ ಹೂವು ಇಟ್ಟು ಮರೆತಿದ್ದಾರೆ' ಅಂದಳು. ನನ್ನ ಕೈ ನಡುಗಿತು. ಗುಲಾಬಿ ಅಂತ ಅವಳು ಅನ್ನಲಿಲ್ಲ, ಆದರೆ ಹೂವು ಅಂದಳಲ್ಲ, ಅಷ್ಟೇ ಸಾಕಾಯಿತು.

ಆಮೇಲೆ ಸಿಗಾರನ್ನು ತಿರುಗಿಸಿ ಹೊರಗಿನ ಎಲೆ ಹಿಡಿದೆ. ಅವಳು ತಕ್ಷಣ ಟವೆಲ್ ಕಿತ್ತು ನನ್ನನ್ನು ನೋಡಿದಳು. 'ಇದು ನಿಮ್ಮ ಮಾವನ ಮೊಣಕಾಲು' ಅಂದಳು.

ಮೊಣಕಾಲು ನೋವಿನ ಮುಲಾಮು! ಕೊನೆಯ ಹತ್ತು ವರ್ಷ ಮಾವ ರಾತ್ರಿ ಮಲಗುವ ಮುಂಚೆ ಎರಡೂ ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದರು. ಎಂಜಿನ್ ರೂಮಿನ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿದು ಸವೆದ ಕಾಲು. ಅವರ ಕೋಣೆ, ದಿಂಬು, ಹೊದಿಕೆ ಎಲ್ಲ ಅದೇ ವಾಸನೆ. ನನಗೆ ಹೇಗೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಬಟ್ಟೆ ಚೀಲ ಬಿಚ್ಚಿ ನೋಡಿದರೆ, ತಳದಲ್ಲಿ ಮುಲಾಮಿನ ಸಣ್ಣ ತಗಡಿನ ಡಬ್ಬಿ. ಮುಚ್ಚಳ ಜಜ್ಜಿಹೋಗಿ ಒಂದು ಕಡೆ ಎದ್ದಿದೆ. ಒಳಗೆ ಅಂಚಿನಲ್ಲಿ ಇಷ್ಟೇ ಇಷ್ಟು ಉಳಿದಿದೆ, ಅದರಲ್ಲಿ ಅವರ ಬೆರಳು ಎಳೆದ ಗೀರು ಹಾಗೇ ಇದೆ. ಸಿಗಾರ್ ಪೆಟ್ಟಿಗೆಯ ಪ್ಲಾಸ್ಟಿಕ್ ಕವರ್ ಕೂಡ ನೋಡಿದೆ, ಒಂದು ಮೂಲೆ ಹರಿದಿದೆ. ಕರ್ಪೂರ ಬಂದದ್ದು ಅಲ್ಲಿಂದಲೇ.

ಉಪ್ಪು ಎಲೆಯದೇ. ಹೊತ್ತಿಸದ ಸಿಗಾರ್‌ನ ಹೊರಗಿನ ಎಲೆಗೆ ನಾಲಿಗೆ ತಾಗಿಸಿ ನೋಡಿದೆ, ಸಣ್ಣಗೆ ಉಪ್ಪುಪ್ಪು ಇದೆ.

ಡಾಕ್ಟರ್ ಹತ್ತಿರ ಹೋಗಿ ಬಂದೆವು ತಂಗಿ, ಇಬ್ಬರೂ. ಸಂಕೋಚ ಬಿಟ್ಟು ಎಲ್ಲ ಹೇಳಿದೆ. ಮತ್ತೆ ಹದಿನೈದು ದಿನ ಬಿಟ್ಟು ಬರಲು ಹೇಳಿದ್ದಾರೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಉಪ್ಪು ಜಾಸ್ತಿ ಆಗಿದೆ ಅಂದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಹೆಂಡತಿ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಆಮೇಲೆ ತಾನೂ ರುಚಿ ನೋಡಿ, ಹೌದು ಜಾಸ್ತಿಯೇ ಆಗಿದೆ ಅಂದಳು.

ಎರಡು ಸಿಗಾರನ್ನೂ ಸೇದಲ್ಲ ಅಂತ ತೀರ್ಮಾನ ಮಾಡಿದ್ದೇನೆ. ವಾಪಸ್ ಮರದ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಮುಲಾಮಿನ ಡಬ್ಬಿಯನ್ನೂ ಅದರ ಜೊತೆಗೇ ಇಡಲಾ ಅಂತ ಯೋಚನೆ. ಬಿಗಿ ಮುಚ್ಚಳ ಅವರೇ, ನೀವು ಬೈಯುತ್ತೀರಿ ಅಂತ ಗೊತ್ತು. ಆದರೆ ಸೇದುವುದಕ್ಕಲ್ಲ ಅಂದಮೇಲೆ ಒಟ್ಟಿಗೆ ಇಟ್ಟರೆ ಎಲೆಗೆ ಬೇರೆ ಏನಾದರೂ ಹಾನಿ ಆಗುತ್ತಾ? ಆ 62ರ ಪೊಟ್ಟಣ ಸಾಕಾ, ಇಲ್ಲಾ 65ರದ್ದು ಹಾಕಬೇಕಾ? ಅದೊಂದು ಹೇಳಿ.

ಬಿಗಿ ಮುಚ್ಚಳ

ಬೈಯಲ್ಲ ಸರ್. ಒಟ್ಟಿಗೇ ಇಡಿ. 62 ಸಾಕು, ಬೂಷ್ಟಿನ ಭಯ ಕಮ್ಮಿ. ಮುಲಾಮು ಮಾತ್ರ ಎಲೆಗೆ ನೇರ ತಾಗದ ಹಾಗೆ ನೋಡಿಕೊಳ್ಳಿ, ಎಣ್ಣೆ ಕಲೆ ಹಿಡಿಯುತ್ತೆ. ಪೊಟ್ಟಣ ಮುಟ್ಟಿದರೆ ಗಟ್ಟಿಯಾಗಿದೆ ಅನ್ನಿಸಿದ ದಿನ ಹೊಸದು ಹಾಕಿ.